ಮೆಟ್ಟಿಲು ಇಳಿದ ಕತೆ

ಬಿಟಿಎಸ್ ಅಂದ್ರೆ ‘ಬಿಟ್ರೆ ತಿರುಗಿ ಸಿಗೋಲ್ಲ’ ಅಂತ ಬೆಂಗಳೂರಿನಲ್ಲಿ ಒಂದು ಹಳೇ ಜೋಕು. ಸರಿ, ಸಿಕ್ಕ ಬಸ್ಸನ್ನು ಹತ್ತುವುದಾದರೂ ಸುಲಭವಾಗಿತ್ತೇ? ಆಗಿನ ಟಾಟಾ, ಲೇಲ್ಯಾಂಡ್ ಬಸ್ಸುಗಳ ಚಾಸಿ ಲಾರಿಯ ಸಂಬಂಧಿಯೇ. ಇಂಜಿನ್ ಮುಂದೆ, ಡ್ರೈವರ್ ಪಕ್ಕ. ಅಲ್ಲಿಂದ ಹಿಂದಿನ ಚಕ್ರದವರೆಗೆ ಬಸ್ಸಿನಡಿ ಉದ್ದನೆಯ ಶಾಫ್ಟು. ಹೀಗಾಗಿ ಬಸ್ಸಿನ ನೆಲ ಎತ್ತರ. ಮಂಡಿನೋವಿನ ಅಜ್ಜಿಯರು ಕಂಬಿ ಹಿಡಿದು, ಏದುಸಿರು ಬಿಡುತ್ತಾ ಹತ್ತಬೇಕಿತ್ತು.

1997ರಲ್ಲಿ ಬಿಟಿಎಸ್ ಹೋಗಿ ಬಿಎಂಟಿಸಿ ಆಯ್ತು. ಮೆಟ್ಟಿಲು ಮಾತ್ರ ಹಾಗೇ ಉಳೀತು.

2006ರಲ್ಲಿ ವೋಲ್ವೋ ಬಂತು ನೋಡಿ! ಇಂಜಿನ್ ಹಿಂದಕ್ಕೆ ಹೋಯ್ತು, ಮುಂದಿನ ನೆಲ ಕೆಳಗಿಳೀತು. ನಿಲ್ದಾಣದಲ್ಲಿ ಪಕ್ಕಕ್ಕೆ ಬಾಗಿ ನಿಲ್ಲಬಲ್ಲ ಬಸ್ಸು. ಆದರೆ ಈ ತಗ್ಗು ನೆಲ ಏಸಿಯ ಜೊತೆ, ಏಸಿಯ ರೇಟಿಗೇ ಬಂತು. ಐಟಿ ಹುಡುಗರು ಸಲೀಸಾಗಿ ಹತ್ತಿದರು, ಅಜ್ಜಿ ಹಳೇ ಮೆಟ್ಟಿಲಲ್ಲೇ ಉಳಿದರು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಯ್ತು. ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ, ಏಸಿ ವಜ್ರ ಅಲ್ಲ. ಅಂದ್ರೆ ಟಿಕೆಟ್ಟಿನ ಹೊರೆ ಇಳಿದರೂ ಮೆಟ್ಟಿಲು ಇಳಿಯಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಟಾಟಾದ 12 ಮೀಟರ್ ಎಲೆಕ್ಟ್ರಿಕ್ ಬಸ್ಸುಗಳು ರಸ್ತೆಗಿಳಿದವು. ಏಸಿ ಇಲ್ಲ, ನೆಲ ತಗ್ಗು, ದರ ಸಾಮಾನ್ಯ, ಶಕ್ತಿಯೂ ಅನ್ವಯ.

ತಗ್ಗು ನೆಲ ಶೋಕಿಯಲ್ಲ, ಅಗತ್ಯ. ಏಸಿಯಿಂದ ಅದನ್ನು ಬಿಡಿಸಿಕೊಳ್ಳೋಕೆ ಎಷ್ಟು ವರ್ಷ ಹಿಡೀತು, ಲೆಕ್ಕ ಹಾಕಿ!

ನಿಮ್ಮೂರಿನ ಸಿಟಿ ಬಸ್ಸಿಗೆ ಎಷ್ಟು ಮೆಟ್ಟಿಲು? ಎಣಿಸಿ ಹೇಳ್ತೀರಾ?