ಗೃಹನಿರ್ಮಾಣೋದ್ಯಮವೂ ಶಾಸನರಚನೆಯೂ: ಹಂಪನಕಟ್ಟೆಯ ನಿಮಿತ್ತವಾಗಿ ಒಂದು ವಿಚಾರ

ಶಾಸನಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಸಭೆಯಲ್ಲಿ ನಡೆದ ಚರ್ಚೆಯನ್ನೂ ಮತದಾನವನ್ನೂ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಆದರೆ ಮಸೂದೆಯು ಸಭೆಗೆ ಬರುವ ಮುನ್ನವೂ, ಅಧಿನಿಯಮವಾಗಿ ಹೊರಬಂದ ಮೇಲೂ, ಅದರಿಂದ ಲಾಭನಷ್ಟಗಳನ್ನು ಹೊಂದುವವರು ಮನವಿಗಳಿಂದಲೂ ನಿಯೋಗಗಳಿಂದಲೂ ಸರಕಾರದ ಮನವೊಲಿಸಲು ಯತ್ನಿಸುವುದುಂಟು. ‘ಲಾಬಿ’ ಎಂದು ಹೆಸರಾದ ಈ ಕಾರ್ಯವು ಕರ್ನಾಟಕದ ಗೃಹನಿರ್ಮಾಣದ ವಿಷಯದಲ್ಲಿ ಯಾವ ಹಂತದಲ್ಲಿ ಫಲಕಾರಿಯಾಯಿತೆಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

1

ಮಂಗಳೂರಿನ ಹಲವು ರಸ್ತೆಗಳು ಕೂಡುವ ಹಂಪನಕಟ್ಟೆಯು ಈ ವಿಚಾರಕ್ಕೆ ಒಳ್ಳೆಯ ನೆಲೆ. 1956ರ ನವೆಂಬರ್ 1ರವರೆಗೆ ಈ ಊರಿಗೆ ಬೇಕಾದ ಕಾನೂನು ಮದರಾಸಿನಲ್ಲಿ ರಚಿತವಾಗುತ್ತಿತ್ತು, ಅನಂತರ ಬೆಂಗಳೂರಿನಲ್ಲಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಾಗ ಮನೆಯ ಸಾಮಗ್ರಿಯು ಉದ್ಯಮದ ವಸ್ತುವಾಯಿತು; ಮನೆ ಮಾತ್ರ ಆಗಲಿಲ್ಲ. ಮನೆಯೊಡೆಯನೇ ಮೇಸ್ತ್ರಿಯನ್ನು ಕರೆಸಿ, ತನ್ನ ಹಿತ್ತಿಲಿನಲ್ಲಿ ಮನೆ ಕಟ್ಟಿಸಿಕೊಳ್ಳುತ್ತಿದ್ದನು.

ಆ ಹಿತ್ತಿಲು ಅನೇಕ ಕಡೆಗಳಲ್ಲಿ ಮೂಲಗೇಣಿಯದು. ಮೂಲಗೇಣಿ ಎಂದರೆ ನಿಶ್ಚಿತ ಗೇಣಿಗೆ ವಂಶಪಾರಂಪರ್ಯವಾಗಿ ಅನುಭವಿಸುವ ಶಾಶ್ವತ ಒಕ್ಕಲು ಹಕ್ಕು. ಧಣಿಯ ಇಚ್ಛೆಯಂತೆ ನಡೆಯುವ ಚಾಲಗೇಣಿಗಿಂತ ಇದು ಬೇರೆ. ಕಟ್ಟಡವನ್ನು ಒಕ್ಕಲು ಕಟ್ಟಿಸಿದ್ದರೂ ನೆಲದ ಒಡೆತನ ಮೂಲವರ್ಗದಾರನದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಬೇಸಾಯದ ಒಕ್ಕಲುಗಳಿಗೆ ಒಡೆತನದ ದಾರಿಯನ್ನು ತೆರೆಯಿತು. ಆದರೆ ಪೇಟೆಯ ಮನೆ ನಿವೇಶನವು ಕೃಷಿಭೂಮಿಯಲ್ಲವಾದ್ದರಿಂದ ನಗರದ ಮೂಲಗೇಣಿದಾರರು ಹೊರಗುಳಿದರು. ಇವರು ಸಂಘ ಕಟ್ಟಿಕೊಂಡು ಮನವಿಗಳನ್ನು ಸಲ್ಲಿಸುತ್ತ ಬಂದರು. ಕೊನೆಗೆ ಮೂಲಗೇಣಿ ಮತ್ತು ಒಳಮೂಲಗೇಣಿ ಒಕ್ಕಲುಗಳಿಗೆ ಒಡೆತನವನ್ನು ನೀಡುವ ಅಧಿನಿಯಮವು 2011ರಲ್ಲಿ ಆಯಿತು. ಮೂಲವರ್ಗದಾರರು ಅದನ್ನೂ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1974ರಿಂದ ಎಣಿಸಿದರೆ ಮೂವತ್ತೇಳು ವರ್ಷ. ಸಂಖ್ಯೆಯಲ್ಲಿ ಹೆಚ್ಚಿದ್ದೂ ಒಂದೇ ಕರಾವಳಿಗೆ ಸೇರಿದವರ ಮನವಿಯ ಗತಿ ಇದು.

2

ಫ್ಲ್ಯಾಟುಗಳು ಬಂದೊಡನೆ ಸಂಬಂಧವೇ ಬದಲಾಯಿತು. ಈಗ ಮನೆಯು ಕಟ್ಟುವ ಮೊದಲೇ ಮಾರಾಟವಾಗುತ್ತದೆ. ಕೊಳ್ಳುವವನು ಇನ್ನೂ ಇಲ್ಲದ ವಸ್ತುವಿಗೆ ಹಣ ಕೊಡುತ್ತಾನೆ. ಮಹಾರಾಷ್ಟ್ರವು 1963ರಲ್ಲಿಯೂ ನಮ್ಮ ರಾಜ್ಯವು 1972ರ ಅಧಿನಿಯಮದಿಂದಲೂ ಫ್ಲ್ಯಾಟುಗಳ ನಿರ್ಮಾಣ ಮತ್ತು ಮಾರಾಟವನ್ನು ನಿಯಂತ್ರಿಸಲು ಹೊರಟವು. ಆದರೆ ಇದಕ್ಕಾಗಿ ಪ್ರತ್ಯೇಕ ಪ್ರಾಧಿಕಾರವು ಏರ್ಪಟ್ಟುದು ಸಂಸತ್ತಿನ 2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮದಿಂದ. ಜನರು ಇದನ್ನು ‘ರೇರಾ’ ಎನ್ನುತ್ತಾರೆ.

ಈ ಅಧಿನಿಯಮದ ಒಂದು ಅಂಕಿಯ ಏರಿಳಿತವೇ ಬೋಧಪ್ರದವಾಗಿದೆ. ಕೊಳ್ಳುವವರಿಂದ ಪಡೆದ ಹಣದಲ್ಲಿ ನೂರಕ್ಕೆ 70 ಪಾಲನ್ನು ಅದೇ ಕಟ್ಟಡಕ್ಕಾಗಿ ಪ್ರತ್ಯೇಕ ಖಾತೆಯಲ್ಲಿಡಬೇಕೆಂದು 2013ರ ಮಸೂದೆ ಹೇಳಿತು. 2015ರ ತಿದ್ದುಪಡಿಯಲ್ಲಿ ಅದು 50ಕ್ಕೆ ಇಳಿಯಿತು; 2016ರ ಅಧಿನಿಯಮದಲ್ಲಿ ಮತ್ತೆ 70 ಆಯಿತು. ಸಂಸತ್ತಿನ ಮಟ್ಟದಲ್ಲಿ ಕೊಳ್ಳುವವರ ಪಕ್ಷವು ಮೇಲಾಯಿತೆನ್ನಬಹುದು.

ಆದರೆ ಅಧಿನಿಯಮದ 84ನೆಯ ಕಲಮು ನಿಯಮರಚನೆಯನ್ನು ರಾಜ್ಯ ಸರಕಾರಗಳಿಗೆ ಬಿಟ್ಟಿತ್ತು. ಪೂರ್ಣತಾ ಪ್ರಮಾಣಪತ್ರವಿಲ್ಲದೆ ನಡೆಯುತ್ತಿರುವ ಯೋಜನೆಗಳೆಲ್ಲವೂ ಮೂರು ತಿಂಗಳೊಳಗೆ ನೋಂದಣಿಗೆ ಅರ್ಜಿ ಸಲ್ಲಿಸಬೇಕೆಂದು 3ನೆಯ ಕಲಮು ವಿಧಿಸಿತು. ಈ ‘ನಡೆಯುತ್ತಿರುವ ಯೋಜನೆ’ ಎಂಬ ಪದದ ಮೇಲೆಯೇ ಬೆಂಗಳೂರಿನಲ್ಲಿ ಎಳೆದಾಟವಾಯಿತು. ನಿರ್ಮಾಪಕರ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಹಳೆಯ ಕರಾರುಗಳಿಗೆ ಹೊಸ ಕಾನೂನನ್ನು ಹೇರಬಾರದು, ಪ್ರಮಾಣಪತ್ರದ ವಿಳಂಬಕ್ಕೆ ಕಚೇರಿಗಳೂ ಹೊಣೆ ಎಂಬುದು ಅವರ ನಿಲುವು. ಅರ್ಧ ಕಟ್ಟಿದ ಮನೆಗೆ ಸಾಲದ ಕಂತನ್ನೂ ವಾಸದ ಮನೆಗೆ ಬಾಡಿಗೆಯನ್ನೂ ತೆರುತ್ತಿದ್ದವರಿಗಾದರೋ ರಕ್ಷಣೆ ಬೇಕಾಗಿದ್ದುದು ಆ ಹಳೆಯ ಯೋಜನೆಗಳಲ್ಲಿಯೇ.

2016ರ ಅಕ್ಟೋಬರಿನಲ್ಲಿ ಕರಡು ಪ್ರಕಟವಾಯಿತು. 2017ರ ಜುಲೈ 10ರಂದು ನಿಯಮಗಳು ಅಧಿಸೂಚಿತವಾದವು. ಅವುಗಳ ಪ್ರಕಾರ, ಕಾಮಗಾರಿ ಮುಗಿದುದಕ್ಕೆ ಪ್ರಮಾಣೀಕರಣವಿದ್ದು ನೂರಕ್ಕೆ 60 ಮನೆಗಳ ಕ್ರಯಪತ್ರ ನೋಂದಣಿಯಾಗಿದ್ದರೆ, ಅಥವಾ ಪೂರ್ಣತಾ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಿದ್ದರೆ, ಅಂಥ ಯೋಜನೆಯು ಹೊರಗುಳಿಯುವುದು. ಅಧಿನಿಯಮವು ಕೇಳಿದ್ದು ಪ್ರಮಾಣಪತ್ರವನ್ನು. ನಿಯಮವು ಅದಕ್ಕಾಗಿ ಹಾಕಿದ ಅರ್ಜಿಯಿಂದಲೇ ತೃಪ್ತವಾಯಿತು.

3

ಇವೆರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಿಳಿದುಬರುವುದೇನು? ನಿಯಮದ ಪ್ರತಿಯೊಂದು ವಾಕ್ಯವೂ ಒತ್ತಡದ ಫಲವೆಂದು ಹೇಳುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಆದಾಗ್ಯೂ ಹಾದಿಗಳ ಭೇದವು ಸ್ಪಷ್ಟ. ಮೂಲಗೇಣಿದಾರರಿಗೆ ಹೊಸ ಅಧಿನಿಯಮವೇ ಬೇಕಾಗಿತ್ತು. ಸಭೆಯ ಹೆಬ್ಬಾಗಿಲನ್ನೇ ಅವರು ತಟ್ಟಬೇಕಾಯಿತು. ಸಂಘಟಿತವಾದ ಉದ್ಯಮಕ್ಕೆ ಬೇಕಾದುದು ಒಂದು ಪದದ ಅರ್ಥನಿರ್ಣಯ. ಅದು ಒಂಬತ್ತು ತಿಂಗಳಲ್ಲಿ, ಮತದಾನವಿಲ್ಲದೆ ಆಯಿತು. ನಿಯಮಗಳನ್ನು ರಾಜ್ಯ ವಿಧಾನಮಂಡಲದ ಮುಂದಿಡಬೇಕೆಂದು 86ನೆಯ ಕಲಮು ಹೇಳುವುದೇನೋ ನಿಜ. ಆದರೆ ಮೇಜಿನ ಮೇಲೆ ಇಡುವುದಕ್ಕೂ ಕಲಮುವಾರು ಚರ್ಚಿಸುವುದಕ್ಕೂ ಬಹಳ ಅಂತರವಿದೆ.

ರಾಜ್ಯಗಳ ಸ್ವಾತಂತ್ರ್ಯಕ್ಕೆ ಮೇರೆಯುಂಟೆಂಬುದನ್ನೂ ಇಲ್ಲಿ ಹೇಳಬೇಕು. ಪಶ್ಚಿಮ ಬಂಗಾಳವು 2017ರಲ್ಲಿ ಮಾಡಿಕೊಂಡ ಬೇರೆ ಕಾನೂನನ್ನು ಸರ್ವೋಚ್ಚ ನ್ಯಾಯಾಲಯವು 2021ರ ಮೇ ತಿಂಗಳಲ್ಲಿ ಅಸಿಂಧುವೆಂದಿತು. ಅದೇ ವರ್ಷದ ನವೆಂಬರಿನಲ್ಲಿ, ಉತ್ತರ ಪ್ರದೇಶದ ಮೊಕದ್ದಮೆಯೊಂದರಲ್ಲಿ, ಪೂರ್ಣತಾ ಪ್ರಮಾಣಪತ್ರ ಪಡೆಯದೆ ನಡೆಯುತ್ತಿದ್ದ ಯೋಜನೆಗಳಿಗೂ ಅಧಿನಿಯಮವು ಅನ್ವಯಿಸುವುದೆಂದು ಎತ್ತಿಹಿಡಿಯಿತು. ಆದರೆ ನ್ಯಾಯಾಲಯದ ಮೆಟ್ಟಿಲು ಹತ್ತಲು ಕಾಲವೂ ಹಣವೂ ಬೇಕು. ಕಂತು ಕಟ್ಟುವವನಲ್ಲಿ ಅವೆರಡೂ ಕಡಮೆ.

ಆದುದರಿಂದ ವಸತಿಯ ಇತಿಹಾಸವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಸಭಾ ನಡವಳಿಗಳೊಂದಿಗೆ ರಾಜ್ಯಪತ್ರವನ್ನೂ, ಅಧಿನಿಯಮದೊಂದಿಗೆ ಕರಡು ನಿಯಮಗಳನ್ನೂ ಅವುಗಳಿಗೆ ಬಂದ ಆಕ್ಷೇಪಣೆಗಳನ್ನೂ ಓದಬೇಕೆಂದು ನಾವು ಸೂಚಿಸುತ್ತೇವೆ. ಹಂಪನಕಟ್ಟೆಯಂಥ ಸ್ಥಳದ ಒಂದು ಹಿತ್ತಿಲು ಮೂಲಗೇಣಿಯಿಂದ ಫ್ಲ್ಯಾಟಿಗೆ ಸಾಗಿದ ದಾಖಲೆಪತ್ರಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ, ಯಾರ ಮಾತು ಎಷ್ಟು ಬೇಗ ಕಾನೂನಾಯಿತೆಂಬುದು ಗೋಚರಿಸುವುದು.