ಗ್ಲಾಕೋಮಾ: ಹೆಸರು ಮತ್ತು ಮದ್ದಿನ ಚರಿತ್ರೆ

ಒಂದು ಶಬ್ದವು ಎರಡು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ವೈದ್ಯಗ್ರಂಥಗಳಲ್ಲಿ ಬಾಳಿ ಬಂದಿದ್ದರೆ, ಅದರ ಅರ್ಥವೂ ಅಷ್ಟು ಕಾಲ ಒಂದೇ ಆಗಿದ್ದಿತೆಂದು ಊಹಿಸುವುದು ಸಹಜ. ಇಂಥ ಊಹೆ ಎಷ್ಟು ಸಲ ತಪ್ಪಾಗುವುದೆಂಬುದನ್ನು ಶಬ್ದಾರ್ಥವಿಚಾರದಲ್ಲಿ ತೊಡಗಿದವರು ಬಲ್ಲರು. ಗ್ಲಾಕೋಮಾ ಎಂಬ ನೇತ್ರರೋಗದ ಚರಿತ್ರೆಯಲ್ಲಿ ಈ ತಪ್ಪಿಗೆ ಜನರು ತಮ್ಮ ಕಣ್ಣನ್ನೇ ತೆತ್ತಿರುವರು. ಆ ರೋಗದ ಪ್ರಭೇದಗಳಲ್ಲಿ ಮುಖ್ಯವಾದುದು ‘ತೆರೆದ ಕೋನದ ಗ್ಲಾಕೋಮಾ’. ಇದಕ್ಕೆ ಇಂದು ದೊರೆಯುವ ಮದ್ದುಗಳೂ ಶಸ್ತ್ರಕ್ರಿಯೆಗಳೂ ಹೇಗೆ ಬಂದುವು, ಹೆಸರಿನ ತಿದ್ದುಪಡಿಗೂ ಚಿಕಿತ್ಸೆಯ ಬೆಳವಣಿಗೆಗೂ ಏನು ಸಂಬಂಧ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೧

ಮೊದಲು ರೋಗದ ಸ್ವರೂಪವನ್ನು ಸಂಗ್ರಹವಾಗಿ ಹೇಳಬೇಕು. ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ನೀರು ಎಡೆಬಿಡದೆ ಉತ್ಪತ್ತಿಯಾಗುತ್ತಿರುವುದು. ಕಾರ್ನಿಯಾ ಎಂಬ ಪಾರದರ್ಶಕವಾದ ಪಟಲವೂ ಐರಿಸ್ ಎಂಬ ಬಣ್ಣದ ಪರದೆಯೂ ಕೂಡುವ ಕೋನದಲ್ಲಿ ಸೂಕ್ಷ್ಮವಾದ ಒಂದು ಜಾಲರಿಯುಂಟು. ಈ ನೀರಿನಲ್ಲಿ ಹೆಚ್ಚಿನ ಪಾಲು ಅದರ ಮೂಲಕವೇ ಹೊರಗೆ ಹರಿದುಹೋಗುವುದು. ಹರಿವು ಕುಂದಿದರೆ ಕಣ್ಣಿನೊಳಗೆ ಒತ್ತಡವೇರಿ, ಹಿಂದಿರುವ ದೃಷ್ಟಿನರವು ಕ್ರಮೇಣ ನಶಿಸುವುದು. ಕೆಲವರಲ್ಲಿ ಐರಿಸ್ ಮುಂದಕ್ಕೆ ಬಾಗಿ ಕೋನವನ್ನೇ ಮುಚ್ಚಿಬಿಡುತ್ತದೆ. ಇದು ಹಠಾತ್ತಾಗಿ ಒದಗಿದಾಗ ಕಡುನೋವೂ ಕಣ್ಣಿನ ಕೆಂಪೂ ವಾಂತಿಯೂ ಕಾಣಿಸಿಕೊಳ್ಳುವುವು. ಇನ್ನು ಕೆಲವರಲ್ಲಿ ಕೋನವು ತೆರೆದೇ ಇದ್ದರೂ ಜಾಲರಿಯಲ್ಲಿ ನೀರು ಸಲೀಸಾಗಿ ಇಳಿಯದು. ಈ ಎರಡನೆಯ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ. ಪಕ್ಕದ ನೋಟವು ರೋಗಿಯ ಅರಿವಿಗೆ ಬಾರದಂತೆ ವರ್ಷಾನುವರ್ಷ ಸವೆದುಹೋಗುತ್ತದೆ. ಹೋದ ದೃಷ್ಟಿಯನ್ನು ಮರಳಿಸುವ ಮದ್ದು ಇದುವರೆಗೆ ಇಲ್ಲ. ಉಳಿದುದನ್ನು ಕಾಪಾಡುವುದಷ್ಟೇ ಚಿಕಿತ್ಸೆಯ ಗುರಿ.

೨

ಗ್ಲಾಕೋಸ್ ಎಂಬ ಗ್ರೀಕ್ ಶಬ್ದವು ನೀಲಿ, ಹಸುರು, ಬೂದಿ ಬಣ್ಣಗಳ ನಡುವಣ ಛಾಯೆಯನ್ನು ಸೂಚಿಸುತ್ತದೆ. ಹಿಪೊಕ್ರೆಟೀಸನ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರಗಳಲ್ಲಿ, ವೃದ್ಧಾಪ್ಯದ ವ್ಯಾಧಿಗಳ ಪಟ್ಟಿಯೊಳಗೆ, ಪಾಪೆ ಈ ಬಣ್ಣಕ್ಕೆ ತಿರುಗುವ ಒಂದು ವಿಕಾರವನ್ನು ಹೇಳಿದೆ. ಅಲ್ಲಿ ಒತ್ತಡದ ಮಾತಿಲ್ಲ. ಮುಂದೆ ಬಹುಕಾಲ ಗ್ಲಾಕೋಮಾ ಎಂದರೆ ಕಣ್ಣಿನ ಮಸೂರದ ರೋಗವೆಂದೇ ತಿಳಿದಿದ್ದರು. ಪೊರೆಯೆಂಬುದು ಮಸೂರದ ಮುಂದೆ ಇಳಿದು ನಿಲ್ಲುವ ತೆರೆಯಲ್ಲ, ಮಂಕಾದ ಮಸೂರವೇ ಪೊರೆ, ಎಂದು ಬ್ರಿಸೋ ಎಂಬ ಫ್ರೆಂಚ್ ವೈದ್ಯನು ೧೭೦೫ರಲ್ಲಿ ಶವದ ಕಣ್ಣನ್ನು ಛೇದಿಸಿ ಕಂಡನು. ಆಮೇಲೆಯೇ ಗ್ಲಾಕೋಮಾ ಎಂಬ ಹೆಸರು ಮಸೂರವನ್ನು ಬಿಟ್ಟು ಬೇರೆ ಆಶ್ರಯವನ್ನು ಹುಡುಕಬೇಕಾಯಿತು.

ನಮ್ಮ ದೇಶದ ಗ್ರಂಥಗಳ ವಿಷಯದಲ್ಲಿಯೂ ಇಂಥ ಎಚ್ಚರಿಕೆ ಬೇಕು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಅಧಿಮಂಥವೆಂಬ ರೋಗದ ವರ್ಣನೆಯಿದೆ. ಕಣ್ಣನ್ನು ಕಿತ್ತಂತೆ, ಕಡೆಗೋಲಿನಿಂದ ಕಡೆದಂತೆ ಅರ್ಧ ತಲೆಯೆಲ್ಲ ನೋಯುವುದೆಂದೂ, ಉಪೇಕ್ಷಿಸಿದರೆ ಕೆಲವೇ ದಿನಗಳಲ್ಲಿ ದೃಷ್ಟಿ ಕೆಡುವುದೆಂದೂ ಅದರ ಲಕ್ಷಣ. ಇದನ್ನು ಗ್ಲಾಕೋಮಾ ಎಂದು ಅನುವಾದಿಸುವ ರೂಢಿಯುಂಟು. ಕೋನ ಮುಚ್ಚಿ ಒಮ್ಮೆಲೇ ಬರುವ ಬಗೆಗೆ ಈ ವರ್ಣನೆ ಒಪ್ಪಬಹುದು; ನೋವೇ ಇಲ್ಲದ ತೆರೆದ ಕೋನದ ಬಗೆಗೆ ಒಪ್ಪದು. ಹಾಗೆಯೇ ಮರಾಠಿಯಲ್ಲಿ ಗ್ಲಾಕೋಮಾಕ್ಕೆ ಕಾಚಬಿಂದುವೆಂಬ ಹೆಸರು ನಡೆಯುತ್ತದೆ. ಸುಶ್ರುತನಲ್ಲಿ ಕಾಚವೆಂಬುದು ತಿಮಿರರೋಗವು ಬಲಿತಾಗಿನ ಒಂದು ಅವಸ್ಥೆ. ಶಬ್ದವು ಹಳೆಯದೆಂದ ಮಾತ್ರಕ್ಕೆ ಅದರ ಇಂದಿನ ಅರ್ಥವೂ ಹಳೆಯದೆನ್ನಲಾಗದು.

೩

ಗ್ಲಾಕೋಮಾದಲ್ಲಿ ಕಣ್ಣುಗುಡ್ಡೆ ಬೆರಳಿಗೆ ಗಟ್ಟಿಯಾಗಿ ತಾಗುವುದೆಂಬುದನ್ನು ಗ್ಲಾಸ್ಗೋ ನಗರದ ವಿಲಿಯಂ ಮೆಕೆಂಜಿ ೧೮೩೦ರ ತನ್ನ ಗ್ರಂಥದಲ್ಲಿ ಸ್ಪಷ್ಟವಾಗಿ ಬರೆದನು. ೧೮೫೧ರಲ್ಲಿ ಹೆಲ್ಮ್‌ಹೋಲ್ಟ್ಸನು ಕಣ್ಣಿನ ಒಳಗನ್ನು ನೋಡುವ ಉಪಕರಣವನ್ನು ಪ್ರಕಟಿಸಿದ ಮೇಲೆ ದೃಷ್ಟಿನರದ ತಲೆಯು ಜೀವಂತ ಕಣ್ಣಿನಲ್ಲಿಯೇ ವೈದ್ಯರಿಗೆ ಗೋಚರವಾಯಿತು. ರೋಗದಿಂದ ಅಲ್ಲಿ ಉಂಟಾಗುವ ತಗ್ಗನ್ನು ಮೊದಮೊದಲು ಉಬ್ಬೆಂದು ಭ್ರಮಿಸಿ, ಬಳಿಕ ತಿದ್ದಿಕೊಂಡರು. ಬರ್ಲಿನ್ನಿನ ಆಲ್‌ಬ್ರೆಕ್ಟ್ ಫಾನ್ ಗ್ರೇಫನು ಐರಿಸ್ಸಿನ ಒಂದು ಭಾಗವನ್ನು ಕತ್ತರಿಸಿ ತೆಗೆದರೆ ಒತ್ತಡ ಇಳಿಯುವುದೆಂದು ೧೮೫೭ರಲ್ಲಿ ಸಾರಿದನು. ಕುರುಡುತನವೇ ಗತಿಯೆಂದಿದ್ದ ರೋಗಕ್ಕೆ ಮೊದಲ ಬಾರಿಗೆ ಪರಿಹಾರ ದೊರೆಯಿತೆಂದು ಯೂರೋಪಿನಲ್ಲೆಲ್ಲ ಸಂತೋಷವಾಯಿತು.

ಆದರೆ ಈ ಕ್ರಿಯೆ ಹಠಾತ್ತಾದ ಬಗೆಯಲ್ಲಿ ಫಲಿಸಿದಂತೆ ನಿಧಾನವಾದ ಬಗೆಯಲ್ಲಿ ಫಲಿಸಲಿಲ್ಲ. ಉಟ್ರೆಕ್ಟಿನ ಡಾಂಡರ್ಸನು ೧೮೬೦ರ ದಶಕದ ಆರಂಭದಲ್ಲಿ ನೋವೂ ಉರಿಯೂ ಇಲ್ಲದ ಬಗೆಯನ್ನು ‘ಸರಳ ಗ್ಲಾಕೋಮಾ’ ಎಂದು ಬೇರೆ ಮಾಡಿ ಹೇಳಿದನು. ಭೇದವನ್ನು ಕಂಡರು; ಕಾರಣವನ್ನು ಕಾಣಲಿಲ್ಲ. ಒಂದೇ ಹೆಸರಿನ ಆಸರೆಯಲ್ಲಿ ಒಂದೇ ಶಸ್ತ್ರವು ಎರಡು ರೋಗಗಳ ಮೇಲೂ ನಡೆಯುತ್ತಲೇ ಇದ್ದಿತು.

೪

ಮದ್ದು ಬಂದುದು ಯಾರೂ ಎಣಿಸದ ದಿಕ್ಕಿನಿಂದ. ಪಶ್ಚಿಮ ಆಫ್ರಿಕದ ಕಲಬಾರ್ ಸೀಮೆಯಲ್ಲಿ, ಅಪರಾಧದ ಶಂಕೆಗೆ ಒಳಗಾದವರಿಗೆ ಒಂದು ವಿಷದ ಬೀಜವನ್ನು ತಿನ್ನಿಸಿ ದಿವ್ಯಪರೀಕ್ಷೆ ಮಾಡುತ್ತಿದ್ದರು. ಬದುಕಿದವನು ನಿರಪರಾಧಿ. ಆ ಬೀಜದ ಸಾರವು ಕಣ್ಣಿನ ಪಾಪೆಯನ್ನು ಕಿರಿದುಗೊಳಿಸುವುದನ್ನು ಎಡಿನ್‌ಬರೋ ನಗರದ ಫ್ರೇಸರನು ೧೮೬೨ರಲ್ಲಿ ಗುರುತಿಸಿದನು. ಮರುವರ್ಷ ಆರ್ಗೈಲ್ ರಾಬರ್ಟ್‌ಸನ್ನನು ಅದರ ನೇತ್ರಪ್ರಯೋಗಗಳನ್ನು ಪ್ರಕಟಿಸಿದನು. ಅದರಿಂದ ತೆಗೆದ ಫೈಸೊಸ್ಟಿಗ್ಮಿನ್ ಗ್ಲಾಕೋಮಾದಲ್ಲಿ ಒತ್ತಡವನ್ನು ತಗ್ಗಿಸುವುದೆಂದು ಸ್ಟ್ರಾಸ್‌ಬರ್ಗಿನ ಲಾಕರನು ೧೮೭೬ರಲ್ಲಿ ತಿಳಿಸಿದನು. ಲಾಕರನು ತಾನೇ ಆ ರೋಗದಿಂದ ನರಳುತ್ತಿದ್ದವನು. ಮರುವರ್ಷವೇ ವೇಬರನು ಬ್ರೆಜಿಲ್ ದೇಶದ ಜಬೊರಾಂಡಿ ಎಲೆಯಿಂದ ದೊರೆತ ಪೈಲೋಕಾರ್ಪಿನ್ನನ್ನು ಬಳಕೆಗೆ ತಂದನು.

ಪೈಲೋಕಾರ್ಪಿನ್ ನೂರು ವರ್ಷಗಳ ಕಾಲ ಈ ರೋಗದ ಮುಖ್ಯ ಮದ್ದಾಗಿ ನಿಂತಿತು. ಪಾಪೆ ಕಿರಿದಾಗುವುದರಿಂದ ಒತ್ತಡ ಇಳಿಯುವುದೆಂಬ ಭಾವನೆ ಬಲವಾಗಿತ್ತು. ತೆರೆದ ಕೋನದಲ್ಲಿ ನಿಜವಾಗಿ ನಡೆಯುವುದು ಬೇರೆ: ಕಣ್ಣಿನೊಳಗಿನ ಒಂದು ಸ್ನಾಯು ಬಿಗಿದು ಜಾಲರಿಯನ್ನು ಎಳೆದು ಹಿಗ್ಗಿಸುತ್ತದೆ. ಮದ್ದು ಸರಿಯಾಗಿದ್ದಿತು, ಅದಕ್ಕೆ ಹೇಳಿದ ಕಾರಣ ಸರಿಯಾಗಿರಲಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ಹಾಕಬೇಕಾದ ಈ ತೊಟ್ಟಿನಿಂದ ಹುಬ್ಬು ನೋಯುವುದು, ನೋಟ ಮಬ್ಬಾಗುವುದು. ನೋವಿಲ್ಲದ ರೋಗಕ್ಕೆ ನೋವು ಕೊಡುವ ಮದ್ದನ್ನು ಬಾಳೆಲ್ಲ ಹಾಕಿಕೊಳ್ಳೆಂದು ರೋಗಿಯನ್ನು ಒಪ್ಪಿಸುವುದು ವೈದ್ಯನಿಗೆ ಎಷ್ಟು ಕಷ್ಟವಾಗಿದ್ದಿರಬೇಕೆಂಬುದನ್ನು ಊಹಿಸಬಹುದು.

೫

ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ದಕ್ಷಿಣ ದೇಶಕ್ಕೆ ಒಂದು ಸ್ಥಾನವುಂಟು. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಾಧಿಕಾರಿಯಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ಟನು ೧೯೦೯ರಲ್ಲಿ, ಕಾರ್ನಿಯಾ ಮತ್ತು ಬಿಳಿಯ ಗೋಡೆ ಸಂಧಿಸುವೆಡೆಯಲ್ಲಿ ದುಂಡನೆಯ ಸಣ್ಣ ರಂಧ್ರವನ್ನು ಕೊರೆದು, ನೀರು ಮೇಲುಪೊರೆಯ ಅಡಿಗೆ ಒಸರುವಂತೆ ಮಾಡುವ ಕ್ರಮವನ್ನು ಪ್ರಕಟಿಸಿದನು. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಆಗ ಮದರಾಸು ಆಧಿಪತ್ಯಕ್ಕೇ ಸೇರಿದ್ದುವು. ಈ ಕ್ರಮವು ಬೇಗನೆ ಯೂರೋಪು ಅಮೆರಿಕಗಳಿಗೂ ಹಬ್ಬಿತು. ಆದರೆ ರಂಧ್ರದ ಮೇಲಿನ ತೆಳುವಾದ ಪೊರೆಯ ಮೂಲಕ ವರ್ಷಗಳ ಬಳಿಕವೂ ಸೋಂಕು ಹೊಕ್ಕು ಕಣ್ಣು ಕೆಡುವ ಭಯವಿದ್ದಿತು. ೧೯೬೮ರಲ್ಲಿ ಕೇಂಬ್ರಿಜ್ಜಿನ ಕೇರ್ನ್ಸನು ಬಿಳಿಯ ಗೋಡೆಯಿಂದಲೇ ಒಂದು ಮುಚ್ಚಳವನ್ನೆಬ್ಬಿಸಿ ಅದರ ಅಡಿಯಲ್ಲಿ ಜಾಲರಿಯ ಭಾಗವನ್ನು ತೆಗೆಯುವ ಕ್ರಮವನ್ನು ವಿವರಿಸಿದನು. ಕಾಲುವೆಯ ಕೊಯ್ದ ತುದಿಗಳಿಂದ ನೀರು ಹರಿಯುವುದೆಂಬುದು ಅವನ ಎಣಿಕೆ. ಅದು ಮುಚ್ಚಳದ ಅಂಚಿನಿಂದ ಒಸರುವುದೆಂದು ಆಮೇಲೆ ಗೊತ್ತಾಯಿತು. ಇಲ್ಲಿಯೂ ಕೈ ಮುಂದೆ, ತಿಳಿವು ಹಿಂದೆ.

ನಡುವೆ, ೧೯೩೮ರಲ್ಲಿ, ಸಾನ್ ಫ್ರಾನ್ಸಿಸ್ಕೋದ ಆಟೋ ಬಾರ್ಕನ್ ಒಂದು ಮುಖ್ಯವಾದ ಕೆಲಸವನ್ನು ಮಾಡಿದನು. ವಿಶೇಷ ಮಸೂರದಿಂದ ಕೋನವನ್ನೇ ನೇರವಾಗಿ ನೋಡಿ, ಕಿರಿದಾದ ಕೋನದ ಗ್ಲಾಕೋಮಾವನ್ನೂ ತೆರೆದ ಕೋನದ ಗ್ಲಾಕೋಮಾವನ್ನೂ ಕಾರಣದ ಮೇಲೆಯೇ ವಿಂಗಡಿಸಿದನು. ಗ್ರೇಫನ ಕ್ರಿಯೆ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋತುದೇಕೆಂಬುದು ಎಂಬತ್ತು ವರ್ಷಗಳ ಮೇಲೆ ವಿಶದವಾಯಿತು. ಮುಚ್ಚಿದ ಕೋನವನ್ನು ಅದು ಬಿಡಿಸುತ್ತಿದ್ದಿತು. ತೆರೆದೇ ಇರುವ ಕೋನದಲ್ಲಿ ಬಿಡಿಸಲು ಏನೂ ಇರಲಿಲ್ಲ.

೬

ಹೆಸರು ನೆಲೆಗೊಂಡ ಮೇಲೆ ಮದ್ದುಗಳು ಬೇಗಬೇಗನೆ ಬಂದುವು. ನೀರಿನ ಉತ್ಪತ್ತಿಯನ್ನು ತಗ್ಗಿಸುವ ಅಸೆಟಜೋಲಮೈಡ್ ಮಾತ್ರೆಯ ಉಪಯೋಗವನ್ನು ಬೆಕರನು ೧೯೫೪ರಲ್ಲಿ ತೋರಿಸಿದನು. ೧೯೭೮ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟಿಮೊಲಾಲ್ ತೊಟ್ಟು ಪಾಪೆಯನ್ನು ಮುಟ್ಟದೆಯೇ ಅದೇ ಕೆಲಸವನ್ನು ಮಾಡಿತು. ಆದರೆ ಗೂರಲಿನವರಿಗೂ ನಾಡಿ ನಿಧಾನವಾದವರಿಗೂ ಅದು ಅಪಾಯಕರ. ೧೯೯೬ರಲ್ಲಿ ಬಂದ ಲಟಾನೊಪ್ರೋಸ್ಟ್ ಪ್ರೋಸ್ಟಾಗ್ಲಾಂಡಿನ್ ವರ್ಗದ್ದು. ಕಣ್ಣಿಗೆ ಉರಿಯೂತ ತರುವುವೆಂದು ತಿಳಿದಿದ್ದ ಈ ದ್ರವ್ಯಗಳು ಅಲ್ಪಪ್ರಮಾಣದಲ್ಲಿ ನೀರಿಗೆ ಇನ್ನೊಂದು ಹಾದಿಯನ್ನು ಸುಗಮಗೊಳಿಸಿ ಒತ್ತಡವನ್ನು ಇಳಿಸುವುವೆಂಬುದು ಲಾಸ್ಲೋ ಬಿಟೋ ಎಂಬ ವಿಜ್ಞಾನಿಯ ಶೋಧನೆ. ದಿನಕ್ಕೊಂದೇ ತೊಟ್ಟು ಸಾಕು. ರೆಪ್ಪೆಗೂದಲು ಬೆಳೆಯುವುದು, ಐರಿಸ್ಸಿನ ಬಣ್ಣ ಕಪ್ಪಾಗುವುದು ಅದರ ಉಪಫಲಗಳು. ಜಾಲರಿಯ ಮೇಲೆ ಲೇಸರ್ ಕಿರಣವನ್ನು ಬಿಡುವ ಚಿಕಿತ್ಸೆಯನ್ನು ೧೯೭೯ರಲ್ಲಿ ವೈಸ್ ಮತ್ತು ವಿಟರ್ ಪ್ರಕಟಿಸಿದರು. ಅದರ ಮೃದುವಾದ ಒಂದು ರೂಪವನ್ನು ತೊಟ್ಟುಮದ್ದಿಗೆ ಬದಲಾಗಿ ಮೊದಲಿಗೇ ಪ್ರಯೋಗಿಸಿದಾಗ, ರೋಗಿಗಳಲ್ಲಿ ಸುಮಾರು ಮುಕ್ಕಾಲು ಪಾಲಿನವರು ಮೂರು ವರ್ಷ ತೊಟ್ಟಿಲ್ಲದೆಯೇ ಒತ್ತಡದ ಗುರಿಯಲ್ಲಿ ಉಳಿದರೆಂದು ೧೯೧೯ರ ನೂರು ವರ್ಷಗಳ ಬಳಿಕ, ಅಂದರೆ ೨೦೧೯ರಲ್ಲಿ, ಇಂಗ್ಲೆಂಡಿನ ಪರೀಕ್ಷೆಯೊಂದು ತಿಳಿಸಿತು.

ಒತ್ತಡ ಇಳಿಸಿದರೆ ದೃಷ್ಟಿ ಉಳಿಯುವುದೇ? ಒತ್ತಡ ಸಹಜವಾಗಿದ್ದವರಲ್ಲಿಯೂ ನರ ನಶಿಸುವುದನ್ನು ಕಂಡವರಿಗೆ ಈ ಪ್ರಶ್ನೆ ಹುಟ್ಟದಿರಲಿಲ್ಲ. ಸ್ವೀಡನ್ನಿನಲ್ಲಿ ರೋಗವು ಆಗತಾನೆ ಪತ್ತೆಯಾದ ೨೫೫ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಚಿಕಿತ್ಸೆ ಕೊಟ್ಟು ಇನ್ನೊಂದನ್ನು ನೋಡುತ್ತಿದ್ದರು. ರೋಗ ಮುಂದುವರಿದುದು ಮೊದಲನೆಯದರಲ್ಲಿ ನೂರಕ್ಕೆ ೪೫, ಎರಡನೆಯದರಲ್ಲಿ ೬೨. ಈ ಫಲಿತವು ಪ್ರಕಟವಾದುದು ೨೦೦೨ರಲ್ಲಿ, ಲಾಕರನ ಪ್ರಯೋಗವಾಗಿ ೧೨೬ ವರ್ಷಗಳ ಮೇಲೆ. ಚಿಕಿತ್ಸೆಯಿಂದ ಪ್ರಯೋಜನವುಂಟು, ಅದು ಸಂಪೂರ್ಣವಲ್ಲ. ಈ ಎರಡನ್ನೂ ಆ ಅಂಕಿಗಳು ಒಟ್ಟಿಗೆ ಹೇಳುತ್ತವೆ.

೭

ಮೇಲಿನ ವಿಚಾರದಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಈ ರೋಗದಲ್ಲಿ ಮದ್ದು ಬಹುಮಟ್ಟಿಗೆ ತಿಳಿವಿಗಿಂತ ಮುಂದೆ ನಡೆದಿದೆ. ಆದರೆ ಯಾವ ಮದ್ದು ಯಾರಿಗೆ ಎಂಬ ವಿವೇಕವು ಹೆಸರನ್ನು ಸರಿಯಾಗಿ ಒಡೆದು ನೋಡಿದ ಮೇಲೆಯೇ ಬಂದಿದೆ. ತಮಿಳುನಾಡಿನ ಹಳ್ಳಿಗಳಲ್ಲಿ ನಡೆದು ೨೦೦೩ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ತೆರೆದ ಕೋನದ ಗ್ಲಾಕೋಮಾ ಇದ್ದವರಲ್ಲಿ ಬಹುಪಾಲಿನವರಿಗೆ ತಮಗೆ ಆ ರೋಗವಿದೆಯೆಂಬುದೇ ತಿಳಿದಿರಲಿಲ್ಲ. ನೋವಿಲ್ಲದುದಕ್ಕೆ ಹಳ್ಳಿಯ ಮಾತಿನಲ್ಲಿ ಹೆಸರಿಲ್ಲ. ಹೆಸರಿಲ್ಲದುದನ್ನು ಯಾರೂ ವೈದ್ಯನಲ್ಲಿಗೆ ಒಯ್ಯರು. ಪೊರೆ ಬೆಳೆದಿದೆ, ಬಲಿತ ಮೇಲೆ ತೆಗೆಯಿಸಿದರಾಯಿತು ಎಂದು ಕಾದು ಕುಳಿತ ಮುದುಕನು ನಿಜವಾಗಿ ಈ ರೋಗದವನಾಗಿದ್ದರೆ, ಕಾದಷ್ಟು ಕಾಲದ ದೃಷ್ಟಿ ಅವನಿಗೆ ಮರಳಿ ಬಾರದು. ಆದುದರಿಂದ ಪೊರೆಯಿಂದ ಇದನ್ನು ಬೇರೆಮಾಡಿ ತೋರಿಸುವ, ಜನರ ನಾಲಗೆಗೆ ಹತ್ತುವ ಒಂದು ಕನ್ನಡ ಹೆಸರು ಅಗತ್ಯವಾಗಿದೆ. ಕೋಶಕಾರರೂ ಉಪಾಧ್ಯಾಯರೂ ವೈದ್ಯರೊಡನೆ ಕೂಡಿ ಈ ಕಾರ್ಯವನ್ನು ಯೋಚಿಸುವರೆಂದು ಆಶಿಸುತ್ತೇನೆ.