ಕಾರಿನ ಮಾರಾಟ ತೆರಿಗೆ ಯಾವ ಊರಿಗೆ? ಕ್ಯಾಲಿಫೋರ್ನಿಯಾದ ಹಂಚಿಕೆ ನಿಯಮ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಕ್ಯಾಲಿಫೋರ್ನಿಯಾದಲ್ಲಿ ಮೂಲ ಮಾರಾಟ ತೆರಿಗೆ ಶೇ 7.25. ಇದರಲ್ಲಿ ಶೇ 6 ರಾಜ್ಯದ ದರ, ಶೇ 1 ನಗರದ ಅಥವಾ ಕೌಂಟಿಯ ಪಾಲು, ಶೇ 0.25 ಕೌಂಟಿ ಸಾರಿಗೆ ನಿಧಿಯದು. ರಾಜ್ಯದ ಶೇ 6 ಎಂಬುದನ್ನೂ ತುಸು ಎಚ್ಚರದಿಂದ ಓದಬೇಕು. ಅದರೊಳಗಿನ ಶೇ 2.0625 ಸ್ಥಳೀಯ ಸೇವೆಗಳ ನಿಧಿಗಳಿಗೆ ಮೀಸಲು. ಇಲ್ಲಿನ ಚರ್ಚೆ ಮುಖ್ಯವಾಗಿ ಆ ಶೇ 1ರ ಕುರಿತು.

2. ಒಂದೇ ಬಿಲ್ಲು, ಎರಡು ನಿಯಮ

ಲಾಂಗ್ ಬೀಚ್ ನಿವಾಸಿಯೊಬ್ಬರು ಸೆರಿಟೋಸ್‌ನ ಡೀಲರ್ ಬಳಿ 30,000 ಡಾಲರಿನ ಕಾರು ಕೊಂಡರೆ ಶೇ 1, ಅಂದರೆ 300 ಡಾಲರ್, ಸೆರಿಟೋಸ್‌ಗೆ ಸೇರುತ್ತದೆ. ಆ ಬಾಬ್ತಿನಲ್ಲಿ ಲಾಂಗ್ ಬೀಚ್‌ಗೆ ಏನೂ ಇಲ್ಲ. ಆದರೆ ಮತದಾರರ ಒಪ್ಪಿಗೆಯಿಂದ ಮೂಲ ದರದ ಮೇಲೆ ಸೇರುವ ಹೆಚ್ಚುವರಿ ಸ್ಥಳೀಯ ತೆರಿಗೆಗೆ ವಾಹನ ನೋಂದಣಿಯಾದ ವಿಳಾಸವೇ ಆಧಾರ. ಮೊದಲನೆಯದು ಮಾರಿದ ಜಾಗವನ್ನು ನೋಡುತ್ತದೆ, ಎರಡನೆಯದು ಮಾಲೀಕನ ಮನೆಯನ್ನು. ಇವೆರಡನ್ನೂ ಒಟ್ಟುಗೂಡಿಸಿ ‘ಸ್ಥಳೀಯ ತೆರಿಗೆ’ ಎಂದು ಬರೆದರೆ ಲೆಕ್ಕ ತಪ್ಪುತ್ತದೆ.

3. ಕಾಲದ ತೊಡಕು

ಶೇ 1ಕ್ಕೆ ಆಧಾರವಾದ ಬ್ರ್ಯಾಡ್ಲಿ-ಬರ್ನ್ಸ್ ಕಾಯಿದೆ ಅಂಗೀಕಾರವಾದದ್ದು 1955ರಲ್ಲಿ, ಜಾರಿಯಾದದ್ದು 1956ರಲ್ಲಿ. ಎರಡೂ ವರ್ಷಗಳು ಉಲ್ಲೇಖಗೊಳ್ಳುವುದು ಇದರಿಂದ. ಇದಕ್ಕಿಂತ ದೊಡ್ಡ ತೊಡಕು 2004ರ ಜುಲೈ 1ರಿಂದ 2015ರ ಡಿಸೆಂಬರ್ 31ರವರೆಗಿನದು. ಆಗ ನಗರ-ಕೌಂಟಿಗಳ ಪಾಲು ಶೇ 0.75ಕ್ಕೆ ಇಳಿದಿತ್ತು, ಕಡಿತವನ್ನು ಆಸ್ತಿ ತೆರಿಗೆಯಿಂದ ತುಂಬಿಕೊಡಲಾಯಿತು. ಗ್ರಾಹಕರ ಬಿಲ್ಲಿನಲ್ಲಿ ಈ ಬದಲಾವಣೆ ಕಾಣುವುದಿಲ್ಲ. ಈ ಅವಧಿಯ ಮಾರಾಟ ತೆರಿಗೆ ಅಂಕಿಗಳನ್ನು ಹಿಂದಿನ ಮುಂದಿನ ಅಂಕಿಗಳ ಜೊತೆ ನೇರವಾಗಿ ಹೋಲಿಸಲಾಗದು.

4. ಕಾರಣದ ಪ್ರಶ್ನೆ

1978ರಲ್ಲಿ ಪ್ರಪೋಸಿಷನ್ 13 ಎಂಬ ಮತದಾರರ ನಿರ್ಣಯ ಆಸ್ತಿ ತೆರಿಗೆಗೆ ಮಿತಿ ಹಾಕಿದ ಮೇಲೆ ನಗರಗಳು ಡೀಲರ್‌ಗಳಿಗಾಗಿ ಪೈಪೋಟಿಗಿಳಿದವು ಎಂಬ ವಾದವಿದೆ. ಆದರೆ ಈ ಪೈಪೋಟಿಗೆ ಎಡೆಮಾಡುವ, ಮಾರಾಟದ ಜಾಗಕ್ಕೆ ತೆರಿಗೆ ಎಂಬ ನಿಯಮ ಅದಕ್ಕಿಂತ ಎರಡು ದಶಕ ಹಳೆಯದು. ಆದ್ದರಿಂದ 1978 ಆ ಪೈಪೋಟಿಯನ್ನು ತೀವ್ರಗೊಳಿಸಿರಬಹುದು ಎನ್ನುವಷ್ಟಕ್ಕೆ ನಿಲ್ಲುವುದು ಸರಿ. ಡೀಲರ್‌ಗಳು ಒಂದೆಡೆ ಸೇರಿರುವ ಸೆರಿಟೋಸ್‌ನ ಆಟೊ ಸ್ಕ್ವೇರ್, ನ್ಯಾಷನಲ್ ಸಿಟಿಯ ಮೈಲ್ ಆಫ್ ಕಾರ್ಸ್ ಈ ವಾದಕ್ಕೆ ಹೊಂದುವ ನಿದರ್ಶನಗಳು; ಪುರಾವೆಯಾಗಲು ಅಷ್ಟೇ ಸಾಲದು.

5. ಡೀಲರ್ ಇಲ್ಲದ ಮಾರಾಟ

ಖಾಸಗಿ ವ್ಯಕ್ತಿಯಿಂದ ಹಳೆಯ ಕಾರು ಕೊಂಡವರು ನೋಂದಣಿ ವೇಳೆ, ಮಾರಾಟ ತೆರಿಗೆಯ ಬದಲು, ಬಳಕೆ ತೆರಿಗೆ ಕಟ್ಟುತ್ತಾರೆ. ಅದರ ಶೇ 1 ಸಾಮಾನ್ಯವಾಗಿ ಕೊಂಡವರ ಊರಿಗೆ ನೇರವಾಗಿ ಹೋಗದೆ ಕೌಂಟಿ ಮಟ್ಟದ ಸಾಮೂಹಿಕ ನಿಧಿಗೆ ಸೇರುತ್ತದೆ. ಆ ನಿಧಿ ಹಂಚಿಕೆಯಾಗುವುದು ಆಯಾ ನಗರದ ತೆರಿಗೆಯುಕ್ತ ವಹಿವಾಟಿನ ಪ್ರಮಾಣದಲ್ಲಿ. ಹೀಗಾಗಿ ಡೀಲರ್‌ಗಳು ಹೆಚ್ಚಿರುವ ನಗರಕ್ಕೆ, ಡೀಲರ್ ಕೈ ಸೋಕದ ಕಾರಿನ ತೆರಿಗೆಯಲ್ಲೂ ಹೆಚ್ಚಿನ ಪಾಲು ದಕ್ಕುತ್ತದೆ.